ಹತ್ತು ಸೆಕೆಂಡಿನ ಲಾಭ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಮೂರನೇ ದಿನಕ್ಕೇ ಬೇಜಾರಾಗಿ ಕೂತಿದ್ದ. ಹಂಪಸಾಗರದ ಬಿಸಿಲು ಕಾಣದವರಿಗೆ ಹೇಳುತ್ತೇನೆ, ಹತ್ತು ಗಂಟೆಯಾಯಿತೆಂದರೆ ಅಂಗಳದ ಬಂಡೆಗಳ ಮೇಲೆ ಕಾಲಿಡಲಾಗುವುದಿಲ್ಲ. ತುಂಗಭದ್ರೆಯ ಹಿನ್ನೀರೂ ಆ ಹೊತ್ತಿಗೆ ದೂರ ಸರಿದಿರುತ್ತದೆ. ಮೊಬೈಲ್ ನೋಡೋಣವೆಂದರೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅವನು ಅಟ್ಟ ಹತ್ತಿದ. ಅರ್ಧ ಗಂಟೆ ಧೂಳು ಉದುರಿಸಿ, ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಇಳಿದ.

"ತಾತ, ಇದು ಬರೀ ಕೀಬೋರ್ಡು. ಇದರ ಕಂಪ್ಯೂಟರ್ ಎಲ್ಲಿ?"

"ಅದೇ ಕಂಪ್ಯೂಟರ್ ಕಣಪ್ಪಾ" ಎಂದೆ. ಅವನು ನಂಬಲಿಲ್ಲ.

ಮಕ್ಕಳೇ, ನೀವೂ ನಂಬುವುದಿಲ್ಲ. ನಿಮ್ಮ ಅಜ್ಜ ಅಜ್ಜಿ ಪಕ್ಕದಲ್ಲಿ ಕೂತಿದ್ದರೆ ಕೇಳಿ, 1980ರ ದಶಕದ ಮನೆ ಕಂಪ್ಯೂಟರ್ ಹೀಗೇ ಇರುತ್ತಿತ್ತು. ಕೀಲಿಮಣೆಯ ಹೊಟ್ಟೆಯೊಳಗೇ ಎಲ್ಲ. ಪರದೆಯಾಗಿ ಮನೆಯ ಟಿವಿ. ಬರೆದದ್ದನ್ನು ಉಳಿಸಿಕೊಳ್ಳಲು ಹಾಡು ಕೇಳುವ ಟೇಪ್ ರೆಕಾರ್ಡರ್. ನಮ್ಮಲ್ಲಿದ್ದದ್ದು ಸ್ಪೆಕ್ಟ್ರಮ್ ಪ್ಲಸ್. ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಎಂಬಾತನ ಕಂಪನಿ 1982ರಲ್ಲಿ ಸ್ಪೆಕ್ಟ್ರಮ್ ತಂದಿತು, ಎರಡು ವರ್ಷದ ನಂತರ ಅದಕ್ಕೇ ಒಳ್ಳೆಯ ಕೀಲಿಗಳನ್ನು ಜೋಡಿಸಿ ಪ್ಲಸ್ ಎಂದಿತು. ಭಾರತದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಲೈಸೆನ್ಸ್ ಪಡೆದು 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಎಂಬ ಹೆಸರಲ್ಲಿ ಮಾರುತ್ತಿತ್ತು. ನಮ್ಮದು ಅದು.

ಬ್ಯಾಂಕ್ ಗುಮಾಸ್ತನ ಮನೆಗೆ ಇದು ಹೇಗೆ ಬಂತು ಎನ್ನುವುದೂ ಒಂದು ಕಥೆ. ಆಗ ನಾನು ಹೊಸಪೇಟೆಯಲ್ಲಿದ್ದೆ. 1984ರಲ್ಲಿ ರಂಗರಾಜನ್ ಸಮಿತಿ ಬ್ಯಾಂಕುಗಳಿಗೆ ಯಂತ್ರಗಳು ಬರಬೇಕೆಂದು ವರದಿ ಕೊಟ್ಟ ಮೇಲೆ ನಮ್ಮಲ್ಲಿ ದಿನವೂ ಅದೇ ಮಾತು. ಯಂತ್ರ ಬಂದರೆ ನಮ್ಮ ಕುರ್ಚಿ ಹೋಗುತ್ತದೆ ಎಂದು ಒಬ್ಬರು, ಜೂನ್ ಡಿಸೆಂಬರ್ ಕ್ಲೋಸಿಂಗಿಗೆ ರಾತ್ರಿ ಎರಡು ಗಂಟೆಯವರೆಗೆ ಕೂಡುವುದಾದರೂ ತಪ್ಪುತ್ತದಲ್ಲ ಎಂದು ಇನ್ನೊಬ್ಬರು. ಉಳಿತಾಯ ಖಾತೆಗೆ ಆಗ ದಿನದಿನದ ಬಾಕಿಗೆ ಬಡ್ಡಿಯಿರಲಿಲ್ಲ, ಅದು ಬಂದದ್ದು 2010ರ ಏಪ್ರಿಲ್ 1ರಿಂದ. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಬಾಕಿ ಯಾವುದೋ ಅದನ್ನು ಹುಡುಕಬೇಕು, ಆರು ತಿಂಗಳದ್ದು ಕೂಡಿಸಬೇಕು, ಬಡ್ಡಿ ಹಾಕಬೇಕು. ಸಾವಿರಾರು ಖಾತೆ, ಎಲ್ಲ ಕೈಯಲ್ಲಿ. ಆ ಯಂತ್ರ ಎಂದರೇನು ಎಂದು ನಮ್ಮ ಮೇಲೆ ಬಂದು ಕೂಡುವ ಮೊದಲೇ ನೋಡಿಬಿಡಬೇಕು ಅನ್ನಿಸಿತು ನನಗೆ.

ಬೆಲೆ ಕೇಳಿದರೆ ನನ್ನ ಎರಡು ಮೂರು ತಿಂಗಳ ಸಂಬಳ. ಹೇಗೋ ಮನೆಯಲ್ಲಿ ಬಾಯಿಬಿಟ್ಟೆ. ನಮ್ಮನೆಯಾಕೆ ಏನೂ ಅನ್ನಲಿಲ್ಲ. ಮರುದಿನ ಊಟದ ಡಬ್ಬಿಯ ಜೊತೆಗೆ ಎರಡು ಬಳೆ ಕರ್ಚೀಫಿನಲ್ಲಿ ಕಟ್ಟಿಕೊಟ್ಟಳು. ನಮ್ಮ ಶಾಖೆಯಲ್ಲೇ ಅಡವಿಟ್ಟೆ. ವೋಚರ್ ಬರೆದವನು ನಾನೇ, ಸಾಲಗಾರನೂ ನಾನೇ. ಬಿಡಿಸಿಕೊಳ್ಳಲು 14 ತಿಂಗಳಾಯಿತು.

ಆ ಕಂಪ್ಯೂಟರಿನಿಂದ ನಾನು ಮಾಡಿದ ಘನಕಾರ್ಯ ಇಷ್ಟೇ. ಬೇಸಿಕ್ ಭಾಷೆಯಲ್ಲಿ ಒಂದು ಬಡ್ಡಿ ಲೆಕ್ಕದ ಪ್ರೋಗ್ರಾಮ್ ಬರೆದೆ, ಓಣಿಯವರ ಪಾಸ್‌ಬುಕ್ಕುಗಳನ್ನೆಲ್ಲ ಅದರಲ್ಲಿ ತಾಳೆ ನೋಡಿದೆ. ಒಂದೇ ಒಂದು ಪಾಸ್‌ಬುಕ್ಕಿನಲ್ಲಿ 40 ಪೈಸೆ ವ್ಯತ್ಯಾಸ ಬಂತು. ತಪ್ಪು ಪ್ರೋಗ್ರಾಮಿನದೇ ಎಂದು ಎರಡು ರಾತ್ರಿ ಕಳೆದ ಮೇಲೆ ತಿಳಿಯಿತು. ಉಳಿದ ಹೊತ್ತೆಲ್ಲ ಅದು ಮಗನ ಪಾಲು. ಒಂಬತ್ತು ವರ್ಷದವನು ಅದರ ಮುಂದೆ ಕೂತರೆ ಊಟಕ್ಕೆ ಏಳುತ್ತಿರಲಿಲ್ಲ. ಈಗ ಅವನಿಗೆ ಅದೇ ಕಸುಬು.

ಇಷ್ಟು ಹೇಳಿ ಮುಗಿಸುವುದರೊಳಗೆ ಮೊಮ್ಮಗ ಪೆಟ್ಟಿಗೆಯ ಮೇಲಿನ ಕಾಗದ ಓದಿ ನಗುತ್ತಿದ್ದ. "3.5 ಮೆಗಾಹರ್ಟ್ಸ್! ತಾತ, ನಮ್ಮನೆ ಕಂಪ್ಯೂಟರ್ 3.5 ಗಿಗಾಹರ್ಟ್ಸ್. ಸಾವಿರ ಪಟ್ಟು." ಆಮೇಲೆ ಕಣ್ಣರಳಿಸಿ ಅಂದ, "ಇದನ್ನು ಓವರ್‌ಕ್ಲಾಕ್ ಮಾಡೋಣ."

ಓವರ್‌ಕ್ಲಾಕ್ ಎಂದರೇನೆಂದು ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಶ್ರಾವಣದ ಭಜನೆ ನೋಡಿದ್ದೀರಲ್ಲ? ತಾಳ ಹಾಕುವವನೊಬ್ಬ ಇರುತ್ತಾನೆ. ಅವನ ತಾಳಕ್ಕೆ ಹಾರ್ಮೋನಿಯಂ, ದಮ್ಮಡಿ, ಹಾಡುವವರು ಎಲ್ಲರೂ ಹೆಜ್ಜೆ ಕೂಡಿಸಬೇಕು. ಕಂಪ್ಯೂಟರಿನೊಳಗೂ ಹಾಗೇ ಒಬ್ಬ ತಾಳದವನು. ಒಂದು ಪುಟ್ಟ ಲೋಹದ ಡಬ್ಬಿಯೊಳಗೆ ಕ್ವಾರ್ಟ್ಸ್ ಕಲ್ಲಿನ ತೆಳು ಬಿಲ್ಲೆ. ಅದಕ್ಕೆ ಕ್ರಿಸ್ಟಲ್ ಎನ್ನುತ್ತಾರೆ. ಕರೆಂಟ್ ಕೊಟ್ಟರೆ ಅದು ಒಂದೇ ಲಯದಲ್ಲಿ ಕಂಪಿಸುತ್ತದೆ. ನನ್ನ ಕೈಯಲ್ಲಿರುವ ಎಚ್ಎಂಟಿ ಜನತಾ ಕೈಗಡಿಯಾರ ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತದೆ. ಸ್ಪೆಕ್ಟ್ರಮ್ಮಿನ ಕ್ರಿಸ್ಟಲ್ ಸೆಕೆಂಡಿಗೆ 1 ಕೋಟಿ 40 ಲಕ್ಷ ಸಲ, ಅಂದರೆ 14 ಮೆಗಾಹರ್ಟ್ಸ್. ಅದನ್ನು ನಾಲ್ಕರಿಂದ ಭಾಗಿಸಿ 3.5ನ್ನು ಜ಼ೆಡ್ 80ಎ ಎಂಬ ಮುಖ್ಯ ಚಿಪ್ಪಿಗೆ ಕೊಡುತ್ತಾರೆ. ತಾಳದವನನ್ನು ಬದಲಿಸಿ ಇನ್ನೂ ಚುರುಕಿನವನನ್ನು ಕೂಡಿಸಿದರೆ ಇಡೀ ಭಜನೆ ಚುರುಕಾಗುತ್ತದೆ. ಹೆಚ್ಚಾದರೆ ಹಾರ್ಮೋನಿಯಂನವನ ಬೆರಳು ತಪ್ಪುತ್ತದೆ.

ಈ ಹುಚ್ಚು ಹೊಸದಲ್ಲ. 1984ರಲ್ಲಿ ಐಬಿಎಂ ಕಂಪನಿ ಪಿಸಿ ಎಟಿ ಎಂಬ ಕಂಪ್ಯೂಟರನ್ನು 6 ಮೆಗಾಹರ್ಟ್ಸ್ ವೇಗಕ್ಕೆ ಕಟ್ಟಿ ಮಾರಿತು. ಅದರ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಕಿತ್ತು 16ರದ್ದು ಚುಚ್ಚಿದರೆ 8ರಲ್ಲಿ ಓಡುತ್ತದೆ ಎಂದು ಕೊಂಡವರು ಕಂಡುಹಿಡಿದರು. ಕೆಲವೇ ರೂಪಾಯಿಯ ಸಾಮಾನಿಗೆ ಮೂರರಲ್ಲಿ ಒಂದು ಪಾಲು ಹೆಚ್ಚು ವೇಗ. ಕಂಪನಿಗೆ ಇದು ಹಿಡಿಸಲಿಲ್ಲ. ಮುಂದಿನ ಯಂತ್ರಗಳು ಶುರುವಾಗುವಾಗಲೇ ತಮ್ಮ ವೇಗವನ್ನು ತಾವೇ ಪರೀಕ್ಷಿಸಿಕೊಂಡು, ಹೆಚ್ಚಿದ್ದರೆ ನಿಂತುಬಿಡುವ ಹಾಗೆ ಮಾಡಿತು. ನಮ್ಮ ಬ್ಯಾಂಕಿನಲ್ಲಿ ಕೆಲಸ ಬೇಗ ಮುಗಿಸಿದವನಿಗೆ ಇನ್ನೊಂದು ಲೆಡ್ಜರ್ ಕೊಡುತ್ತಿದ್ದರು. ಅದು ನೆನಪಾಯಿತು.

ಇರಲಿ. ಮೊದಲು ಯಂತ್ರ ಬದುಕಿದೆಯೇ ನೋಡಬೇಕಲ್ಲ. ನಮ್ಮ ಹಳೆಯ ಕಪ್ಪು ಬಿಳುಪು ಪೋರ್ಟಬಲ್ ಟಿವಿ ಇನ್ನೂ ಇತ್ತು. ತಂತಿ ಸಿಕ್ಕಿಸಿ ಸ್ವಿಚ್ ಹಾಕಿದೆವು. ಒಂದು ಕ್ಷಣ ಕಪ್ಪು, ಆಮೇಲೆ ಬಿಳಿ ಪರದೆ, ಕೆಳಗೆ 1982 ಸಿಂಕ್ಲೇರ್ ರಿಸರ್ಚ್ ಎಂಬ ಸಾಲು. ಒಳಗಿನಿಂದ ನಮ್ಮನೆಯಾಕೆ ಬಂದು ನೋಡಿ, "ಅಯ್ಯ, ಇದಿನ್ನೂ ಐತೇನು?" ಎಂದು ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದಳು.

ರೇಡಿಯೊ ರಿಪೇರಿಯವರೊಬ್ಬರು ನಮಗೆ ಪರಿಚಯ. ಕೈ ಸ್ವಲ್ಪ ನಡುಗಿದರೂ ಸೋಲ್ಡರಿಂಗ್ ಕಡ್ಡಿ ಹಿಡಿದರೆಂದರೆ ನಡುಕ ನಿಲ್ಲುತ್ತದೆ. ಅವರು ತಿರುಗಿಸಿ ಸ್ಕ್ರೂ ನೋಡಿದವರೇ, "ಸರ, ಇದನ್ನ ಮೊದ್ಲೇ ಯಾರೋ ಬಿಚ್ಯಾರ್ರೀ" ಅಂದರು. ನಾನು ಬಿಚ್ಚಿರಲಿಲ್ಲ. ಫೋನಿನಲ್ಲಿ ಮಗನನ್ನು ಕೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. 1991ರಲ್ಲಿ, ನಾನು ಅರ್ಧವಾರ್ಷಿಕ ಕ್ಲೋಸಿಂಗಿಗೆ ಹೋದ ರಾತ್ರಿ, ಅಡುಗೆಮನೆಯ ಚಾಕುವಿನಲ್ಲಿ ಬಿಚ್ಚಿ ನೋಡಿ ಮತ್ತೆ ಮುಚ್ಚಿಟ್ಟಿದ್ದನಂತೆ. 30 ವರ್ಷ ದಾಟಿದ ಮೇಲೆ ಸಿಕ್ಕ ವ್ಯತ್ಯಾಸ, ಯಾವ ಇನ್ಸ್‌ಪೆಕ್ಷನ್ನಿನಲ್ಲೂ ನಾನು ಇಂಥದ್ದನ್ನು ಕಂಡಿರಲಿಲ್ಲ.

ಮಗ ಎರಡು ಮಾತು ಹೇಳಿದ. ಒಂದು, ಅದರೊಳಗೆ ಯುಎಲ್ಎ ಎಂಬ ಚಿಪ್ ಇದೆ, ಸಿಂಕ್ಲೇರ್‌ಗಾಗಿಯೇ ಫೆರಾಂಟಿ ಕಂಪನಿ ಮಾಡಿಕೊಟ್ಟದ್ದು, ಈಗ ಆ ಮೂಲ ಚಿಪ್ಪನ್ನು ಯಾರೂ ತಯಾರಿಸುವುದಿಲ್ಲ, ಸುಟ್ಟರೆ ಕಷ್ಟ. ಎರಡು, ಮೊದಲು ಸ್ವಲ್ಪವೇ ಏರಿಸಿ ನೋಡಿ. ಅಟ್ಟದಲ್ಲಿ ಅವನ ಕಾಲೇಜು ದಿನಗಳ ಸತ್ತ ಪಿಸಿ ಬಿದ್ದಿತ್ತು. ಅಂಥ ಬೋರ್ಡುಗಳಲ್ಲಿ 14.318 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ, ಅದನ್ನೇ ತೆಗೆದು ಹಾಕಿ ಎಂದ.

ಹಾಕುವ ಮೊದಲು ಲೆಕ್ಕ ಬರೆದಿಟ್ಟುಕೊಳ್ಳಬೇಕು ಎಂದು ನಾನು ಹಟ ಹಿಡಿದೆ. ಓಪನಿಂಗ್ ಬ್ಯಾಲೆನ್ಸ್ ಇಲ್ಲದೆ ಕ್ಲೋಸಿಂಗ್ ಎಲ್ಲಿಂದ ಬರಬೇಕು? ಒಂದು ಸಾಲಿನ ಪ್ರೋಗ್ರಾಮ್ ಮಾಡಿದೆವು: ಒಂದರಿಂದ ಒಂದು ಲಕ್ಷದವರೆಗೆ ಎಣಿಸು, ಮುಗಿದ ಮೇಲೆ ಕೂಗು. ಸ್ಪೆಕ್ಟ್ರಮ್ಮಿಗೆ ಕೂಗಲು ಹೊಟ್ಟೆಯಲ್ಲೇ ಸಣ್ಣ ಸ್ಪೀಕರ್ ಇದೆ. ಜನತಾ ಗಡಿಯಾರಕ್ಕೆ ಕೀಲಿ ಕೊಟ್ಟು ಕೂತೆ. 7 ನಿಮಿಷ 30 ಸೆಕೆಂಡಿಗೆ ಕೂಗಿತು. ಮೊಮ್ಮಗ ಇನ್ನೊಂದು ಜಾಣತನ ಮಾಡಿದ. ಆ ಯಂತ್ರದೊಳಗೆ, ಟಿವಿಗೆ ಒಂದೊಂದು ಚಿತ್ರ ಕಳಿಸಿದಾಗಲೂ ಒಂದು ಕೂಡಿಸುತ್ತ ಹೋಗುವ ಎಣಿಕೆ ಇದೆ, ಸೆಕೆಂಡಿಗೆ 50ರ ಹಾಗೆ. 23672 ಎಂಬ ಮನೆಯಿಂದ ಶುರುವಾಗಿ ಮೂರು ಮನೆಗಳಲ್ಲಿ ಅದು ಕೂತಿರುತ್ತದೆ. ಎಣಿಸುವ ಮೊದಲು, ಎಣಿಸಿದ ಮೇಲೆ ಅದನ್ನೂ ಓದಿದ. ವ್ಯತ್ಯಾಸ 22,500ರ ಆಸುಪಾಸು.

ಆಮೇಲೆ ರಿಪೇರಿಯವರು ಹಳೆಯ ಕ್ರಿಸ್ಟಲ್ ಬಿಚ್ಚಿ 14.318ರದ್ದನ್ನು ಹಚ್ಚಿದರು. ಟಿವಿಯಲ್ಲಿ ಚಿತ್ರ ಓರೆಯಾಗಿ ಜಾರಿತು. ಹಿಂಬದಿಯ ಹೋಲ್ಡ್ ಗುಬಟನ್ನು ಒಂದಿಷ್ಟು ತಿರುಗಿಸಿದ್ದಕ್ಕೆ ನೆಟ್ಟಗೆ ನಿಂತಿತು. ನನ್ನ ಓರಗೆಯವರಿಗೆ ಆ ಗುಬಟು ನೆನಪಿರಬೇಕು, ರಾಮಾಯಣ ಬರುವ ಹೊತ್ತಿಗೆ ಒಬ್ಬರು ಅದನ್ನೇ ಹಿಡಿದು ನಿಂತಿರಬೇಕಿತ್ತು. (ಮಕ್ಕಳೇ, ಹೊರಗಿನ ಗುಬಟು ಮಾತ್ರ. ಹಳೆಯ ಟಿವಿಯ ಹಿಂಬದಿ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ. ಸ್ವಿಚ್ ಆರಿಸಿದ್ದರೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.)

ಮತ್ತೆ ಒಂದು ಲಕ್ಷ ಎಣಿಸಿತು. 7 ನಿಮಿಷ 20 ಸೆಕೆಂಡು.

"ಹತ್ತೇ ಸೆಕೆಂಡಾ?" ಮೊಮ್ಮಗನ ಮುಖ ಬಾಡಿತು. ನನಗೋ ಕುಣಿಯುವಷ್ಟು ಸಂತೋಷ! 14ರ ಮೇಲೆ 0.318 ಎಂದರೆ ನೂರಕ್ಕೆ 2.27. ವೇಗ ಅಷ್ಟು ಹೆಚ್ಚಿದರೆ 450 ಸೆಕೆಂಡಿನ ಕೆಲಸ 440ಕ್ಕೆ ಮುಗಿಯಬೇಕು, ಮುಗಿದಿದೆ. ಟ್ಯಾಲಿ! ಆದರೆ ಅವನು ಯಂತ್ರದ ಒಳಗಿನ ಎಣಿಕೆ ಓದಿ ಗಾಬರಿಯಾದ. ಅದು ಮೊದಲಿನ ಹಾಗೇ 22,500ರ ಆಸುಪಾಸೇ ತೋರಿಸುತ್ತಿತ್ತು. ಯಂತ್ರದ ಪ್ರಕಾರ ಏನೂ ಬದಲಾಗಿಯೇ ಇಲ್ಲ.

ಇಬ್ಬರೂ ಬಹಳ ಹೊತ್ತು ತಲೆ ಕೆರೆದುಕೊಂಡೆವು. ಮಜ್ಜಿಗೆ ಕುಡಿಯುವಾಗ ಅವನಿಗೇ ಹೊಳೆಯಿತು. ಎಣಿಸುವವನಿಗೂ ಗಡಿಯಾರ ನೋಡುವವನಿಗೂ ಒಬ್ಬನೇ ತಾಳದವನು. ತಾಳ ಚುರುಕಾದರೆ ಕೆಲಸವೂ ಚುರುಕು, ಯಂತ್ರದ ಗಡಿಯಾರವೂ ಚುರುಕು. ತನ್ನ ಗಡಿಯಾರದಲ್ಲಿ ತನ್ನನ್ನೇ ಅಳೆದುಕೊಂಡರೆ ಅದಕ್ಕೆ ತನ್ನ ವೇಗ ಹೆಚ್ಚಿದ್ದು ಯಾವತ್ತೂ ಗೊತ್ತಾಗುವುದಿಲ್ಲ. ಹೊರಗಿನ ಜನತಾ ಬೇಕು. ಬ್ಯಾಂಕಿನಲ್ಲಿ ನಮ್ಮ ಲೆಡ್ಜರನ್ನು ಬೇರೆಯವರ ಕೈಗೆ ಕೊಟ್ಟು ಚೆಕ್ ಮಾಡಿಸುತ್ತಿದ್ದದ್ದು ಇದಕ್ಕೇ ಅಲ್ಲವೇ ಎಂದೆ. ಅವನು ಮಜ್ಜಿಗೆ ಲೋಟ ಹಿಡಿದು ಸುಮ್ಮನೆ ನನ್ನ ಕೈಗಡಿಯಾರ ನೋಡುತ್ತಿದ್ದ.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ರಿಪೇರಿಯವರ ತಗಡಿನ ಡಬ್ಬಿಯಲ್ಲಿ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇತ್ತು. ಮೊಮ್ಮಗ ಕಾಗದದ ಮೇಲೆ ಲೆಕ್ಕ ತೋರಿಸಿದ. 16ನ್ನು ನಾಲ್ಕರಿಂದ ಭಾಗಿಸಿದರೆ 4. ಜ಼ೆಡ್ 80ಎ ಚಿಪ್ಪನ್ನು ತಯಾರಿಸಿದವರೇ 4 ಮೆಗಾಹರ್ಟ್ಸ್‌ವರೆಗೆ ಓಡಬಹುದು ಎಂದು ಬರೆದುಕೊಟ್ಟಿದ್ದಾರೆ. "ಮತ್ತೆ ಸಿಂಕ್ಲೇರ್ 3.5ರಲ್ಲೇ ಯಾಕೆ ಓಡಿಸಿದ ತಾತ? ಸುಮ್ಮನೆ ವೇಸ್ಟ್!"

ಯಾಕೆ ಎಂದು ನಾನು ಲೆಕ್ಕ ಹಾಕಿದೆ. ಇಂಥ ಹಳೆಯ ಟಿವಿ ಸೆಕೆಂಡಿಗೆ 15,625 ಗೆರೆ ಎಳೆಯುತ್ತದೆ, ಆಗ ಅದು ನಮ್ಮ ದೇಶದ ಟಿವಿಗಳ ನಿಯಮವಾಗಿತ್ತು. ಸ್ಪೆಕ್ಟ್ರಮ್ ಒಂದು ಗೆರೆಗೆ ಕ್ರಿಸ್ಟಲಿನ 896 ತಾಳ ತೆಗೆದುಕೊಳ್ಳುತ್ತದೆ. 1 ಕೋಟಿ 40 ಲಕ್ಷವನ್ನು 896ರಿಂದ ಭಾಗಿಸಿ ನೋಡಿ. 15,625. ಒಂದು ಪೈಸೆಯೂ ಶೇಷ ಇಲ್ಲ! ಕೂತಲ್ಲೇ ಆ ಪುಣ್ಯಾತ್ಮನಿಗೆ ಕೈ ಮುಗಿದೆ. ಒಂದೇ ಕ್ರಿಸ್ಟಲಿನಿಂದ ಲೆಕ್ಕವೂ ನಡೆಯಬೇಕು, ಟಿವಿಗೂ ಹೊಂದಬೇಕು, ಸಾಮಾನಿನ ಖರ್ಚು ಉಳಿಯಬೇಕು. ವೇಸ್ಟ್ ಅಲ್ಲ ಅದು, ಟಿವಿಗಾಗಿ ಮಾಡಿದ ಹೊಂದಾಣಿಕೆ. 16 ಹಾಕಿದರೆ ಗೆರೆ ಸೆಕೆಂಡಿಗೆ 17,857 ಆಗುತ್ತದೆ, ಯಾವ ಗುಬಟು ತಿರುಗಿಸಿದರೂ ನಮ್ಮ ಟಿವಿ ಹಿಡಿಯಲಾರದು ಎಂದೆ.

"ಟಿವಿ ಬೇಡ ತಾತ. ಕಣ್ಣು ಮುಚ್ಚಿ ಟೈಪ್ ಮಾಡೋಣ. ಕೂಗುತ್ತದಲ್ಲ, ಕೇಳಿಸಿದರೆ ಸಾಕು."

ನಾನು ಒಪ್ಪಬಾರದಿತ್ತು. ಬ್ಯಾಂಕಿನಲ್ಲಿ 30 ವರ್ಷಕ್ಕೂ ಮೀರಿ ಒಂದು ರೂಪಾಯಿಯ ರಿಸ್ಕ್ ತೆಗೆದುಕೊಳ್ಳದವನು, ಅವತ್ತು ಹೂಂ ಅಂದುಬಿಟ್ಟೆ.

16 ಕೂತಿತು. ಟಿವಿಯಲ್ಲಿ ಬರೀ ಹರಿದ ಪಟ್ಟೆಗಳು. ಅವನು ಟೈಪ್ ಮಾಡತೊಡಗಿದ. ಈ ಯಂತ್ರದಲ್ಲಿ ಒಂದೊಂದು ಕೀಲಿ ಒತ್ತಿದಾಗಲೂ ಸ್ಪೀಕರಿನಲ್ಲಿ ಟಿಕ್ ಎಂದು ಸಣ್ಣ ಸದ್ದು ಬರುತ್ತದೆ. ಮೊದಲ ಸಲ ತಪ್ಪಿತು. ಎರಡನೇ ಸಲವೂ. ಮೂರನೇ ಸಲ ನಾನು ಒಂದೊಂದೇ ಕೀಲಿ ಓದಿ ಹೇಳಿದೆ, ಹಿಂದೆ ನಾನು ವೋಚರ್ ಓದುತ್ತಿದ್ದರೆ ಇನ್ನೊಬ್ಬರು ಪೋಸ್ಟ್ ಮಾಡುತ್ತಿದ್ದ ಹಾಗೆ. ತಪ್ಪಲಿಲ್ಲ. ಆರ್ ಒತ್ತಿ ಎಂಟರ್. ಗಡಿಯಾರ ನೋಡುತ್ತ ಕೂತೆವು, ಉಸಿರು ಹಿಡಿದು.

6 ನಿಮಿಷ 34 ಸೆಕೆಂಡಿಗೆ ಕೂಗಿತು. ಸ್ವರವೂ ಏರಿತ್ತು, ಎಳೆ ಮಗುವಿನ ಹಾಗೆ. ಮೊಮ್ಮಗ ಎದ್ದು ಕುಣಿದ. ರಿಪೇರಿಯವರೂ ನಕ್ಕರು. 56 ಸೆಕೆಂಡು ಉಳಿತಾಯ!

ಇನ್ನೊಮ್ಮೆ ಎಂದ. ಎರಡನೇ ಸಲ 6 ನಿಮಿಷ 34 ಆಯಿತು, 7 ಆಯಿತು, 8 ಆಯಿತು. ಕೂಗಲಿಲ್ಲ. ಕೀಲಿ ಒತ್ತಿದರೆ ಟಿಕ್ ಇಲ್ಲ. ಬೋರ್ಡ್ ಮುಟ್ಟಿದರೆ ಕೈ ಸುಡುವಂತಿತ್ತು. ಹೊರಗೆ ಮಟಮಟ ಮಧ್ಯಾಹ್ನ, ಫ್ಯಾನೂ ನಿಂತಿತ್ತು, ನಾವು ಯುಪಿಎಸ್ ಮೇಲೆ ನಡೆಸುತ್ತಿದ್ದೆವು. ಬಿಸಿಯಾದಷ್ಟೂ ಇಂಥ ಹಳೆಯ ಚಿಪ್ಪುಗಳ ಒಳಗಿನ ಕೆಲಸ ನಿಧಾನವಾಗುತ್ತದೆ, ತಾಳ ಮಾತ್ರ ಅದೇ ವೇಗದಲ್ಲಿ ಬಡಿಯುತ್ತಿರುತ್ತದೆ ಎಂದು ಮಗ ಆಮೇಲೆ ಹೇಳಿದ. ತಕ್ಷಣ ಆರಿಸಿದೆವು. ಒಂದು ಗಂಟೆ ಆರಲು ಬಿಟ್ಟು, ರಿಪೇರಿಯವರು ಮೂಲ 14ರ ಕ್ರಿಸ್ಟಲನ್ನೇ ವಾಪಸು ಹಚ್ಚಿದರು. ಸ್ವಿಚ್ ಹಾಕಿದೆವು.

ಕಪ್ಪು. ಬಿಳಿ ಬರಲೇ ಇಲ್ಲ.

ನಮ್ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. "ಹೋತೇನ್ರಿ?" ಅಂದಳು. ನಾನು ಮಾತಾಡಲಿಲ್ಲ. ಮೊಮ್ಮಗ, "ಅಜ್ಜಿ, ಹಳೇದು ಬಿಡು, ಹೋದರೆ ಹೋಗಲಿ" ಅಂದ, ಸಮಾಧಾನಕ್ಕೆ. ಅವಳು ಮೆಲ್ಲಗೆ, "ಅದರಾಗ ನನ್ನ ಬಳೆ ಅದಾವಪಾ" ಎಂದು ಒಳಗೆ ಹೋದಳು. ಬಳೆ ಎಂದೋ ಬಿಡಿಸಿ ತಂದಾಗಿತ್ತು, ಮಗನ ಮದುವೆಯಲ್ಲಿ ಸೊಸೆಗೆ ಹಾಕಿದ್ದೂ ಅವನ್ನೇ. ಆದರೂ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಮ್ಮಗನಿಗೆ ಬಳೆಯ ಕಥೆ ಹೇಳಿದೆ. ಅವನ ಮುಖ ನೋಡಲಾಗಲಿಲ್ಲ.

ರಿಪೇರಿಯವರು ಮಾತ್ರ ಏಳಲಿಲ್ಲ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಬೋರ್ಡನ್ನು ಓರೆ ಮಾಡಿ ನೋಡಿದರು, ಮತ್ತೆ ನೋಡಿದರು. ಒಂದೇ ಜಾಗಕ್ಕೆ ಮೂರು ಸಲ ಕಾಯಿಸಿದ್ದರಿಂದ ಕ್ರಿಸ್ಟಲಿನ ಒಂದು ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ. "ಡ್ರೈ ಸೋಲ್ಡರ್ ಐತ್ರೀ ಸರ" ಎಂದು ಒಂದು ಹನಿ ಸೀಸ ಬಿಟ್ಟರು. ಸ್ವಿಚ್ ಹಾಕಲು ಮೊಮ್ಮಗ ಒಪ್ಪಲಿಲ್ಲ, ನಾನೇ ಹಾಕಿದೆ. ಕಪ್ಪು. ಆಮೇಲೆ ಬಿಳಿ. ಆಮೇಲೆ ಕೆಳಗೆ 1982ರ ಆ ಸಾಲು.

ಮೊಮ್ಮಗ ಅಡುಗೆಮನೆಗೆ ಓಡಿ ಅಜ್ಜಿಯ ಕೈ ಹಿಡಿದು ಎಳೆದು ತಂದ. ಮೂವರೂ ಕೂತು ಒಂದು ಲಕ್ಷ ಎಣಿಸುವುದನ್ನು ಕೇಳಿದೆವು. 7 ನಿಮಿಷ 30 ಸೆಕೆಂಡು, ಒಂದೂ ಕಡಿಮೆಯಿಲ್ಲ.

14.318 ಮತ್ತು 16ರ ಕ್ರಿಸ್ಟಲುಗಳು ಈಗ ನನ್ನ ಬಿಪಿ ಮಾತ್ರೆಯ ಖಾಲಿ ಡಬ್ಬಿಯಲ್ಲಿ, ಚೀಟಿ ಸಮೇತ ಇವೆ. ರಿಪೇರಿಯವರು ದುಡ್ಡು ಬೇಡವೆಂದರು, ಅವರ ಮೊಮ್ಮಗಳಿಗೆ ಆ ಯಂತ್ರ ಒಮ್ಮೆ ತೋರಿಸಬೇಕಂತೆ. ನಮ್ಮವನು ಬೆಂಗಳೂರಿಗೆ ಹೋದ ಮೇಲೆ ಫೋನ್ ಮಾಡಿದ್ದ. 15 ಮೆಗಾಹರ್ಟ್ಸ್ ಹಾಕಿದರೆ ಒಂದು ಲಕ್ಷಕ್ಕೆ 7 ನಿಮಿಷ ಸರಿಯಾಗಿ ಬರುತ್ತದೆ, ಶೇಷವಿಲ್ಲದೆ, ಅದನ್ನು ಎಸ್‌ಪಿ ರೋಡಿನಲ್ಲಿ ಹುಡುಕುತ್ತೇನೆ, ದಸರಾ ರಜೆ ಹೊತ್ತಿಗೆ ಇಷ್ಟು ಬಿಸಿಲಿರುವುದಿಲ್ಲ ಎಂದ. ಅವನ ಅಜ್ಜಿಗೆ ನಾನಿನ್ನೂ ಹೇಳಿಲ್ಲ.